ಬಾಣಂತಿ ಮನೆಯ ಹೊಗೆ

ಬೆಂಗಳೂರಿನ ಗಾಳಿಯ ಮೇಲೆ ನನಗೆ ಬಹಳ ಸಿಟ್ಟು. ರಾಗಿ ಹೊಲದ ಬದುವಿನ ಮೇಲೆ ಓಡಿ ಬೆಳೆದ ನನ್ನ ಮಗಳು, ಮದುವೆಯಾಗಿ ಅಲ್ಲಿಗೆ ಹೋದ ಮೂರನೇ ವರ್ಷಕ್ಕೆ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಂತು ಉಸಿರು ಎಳೆದುಕೊಳ್ಳುವಂತಾದಳು. ಬ್ಯಾಂಕಿನ ಕೆಲಸಕ್ಕೆ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದಳು. ಬಸ್ಸಿನ ಹೊಗೆ, ಲಾರಿಯ ಹೊಗೆ, ಎಲ್ಲೆಂದರಲ್ಲಿ ಅಗೆದ ರಸ್ತೆಯ ಧೂಳು, ಎಲ್ಲವನ್ನೂ ಊಟದ ಜೊತೆ ಉಪ್ಪಿನಕಾಯಿಯ ಹಾಗೆ ದಿನಾ ಸ್ವಲ್ಪ ಸ್ವಲ್ಪ ತಿಂದುಕೊಂಡೇ ಬದುಕುತ್ತಿದ್ದಳು. ಕೊನೆಗೆ ಡಾಕ್ಟರು ಅವಳ ಕೈಗೆ ಇನ್ಹೇಲರ್ ಕೊಟ್ಟರು.

ಅವಳು ಬಸುರಿಯಾಗಿ ಏಳು ತಿಂಗಳು ತುಂಬಿದಾಗ ಕರೆತರಲು ಹೋಗಿದ್ದೆ. ನಾಲ್ಕನೇ ಮಹಡಿಯ ಮನೆ, ಎದುರಿಗೆ ಮೇಲ್ಸೇತುವೆ. ಬೆಳಗ್ಗೆ ಎದ್ದು ಬಾಲ್ಕನಿಗೆ ಬಂದರೆ ಸೂರ್ಯನ ಮುಖಕ್ಕೆ ಯಾರೋ ಹಳೇ ಪಂಚೆ ಹೊದಿಸಿದಂತಿತ್ತು. ಮಂಜು ಅಂದುಕೊಂಡೆ. ಮಂಜಲ್ಲ ಅತ್ತೆ, ಮಂಜು ಹತ್ತು ಗಂಟೆಗೆ ಕರಗುತ್ತೆ, ಇದು ಕರಗಲ್ಲ ಎಂದರು ಅಳಿಯಂದಿರು. ಅವರಿಗೆ ಔಷಧಿ ಅಂಗಡಿಯಿದೆ, ಮಾತು ಕಡಿಮೆ, ತಾಳ್ಮೆ ಜಾಸ್ತಿ. ಕುಂಡದ ತುಳಸಿಯ ಎಲೆಗಳನ್ನು ಸೆರಗಿನ ತುದಿಯಿಂದ ಒರೆಸಿದೆ, ಸೆರಗು ಕಪ್ಪಾಯಿತು. ಆ ಸೀರೆಯನ್ನು ಊರಿಗೆ ಬಂದ ಮೇಲೆ ನೆರೆಹೊರೆಯವರಿಗೆಲ್ಲ ತೋರಿಸಿದೆ, ಸುಳ್ಳು ಯಾಕೆ ಹೇಳಲಿ, ಒಂದು ವಾರ ಒಗೆಯದೆಯೇ ಇಟ್ಟುಕೊಂಡಿದ್ದೆ.

ಡಾಕ್ಟರು ಹೇಳಿದ್ದು ನನಗೆ ಹಬ್ಬದಂಥ ಮಾತು. ಹೆರಿಗೆಯಾದ ಮೇಲೂ ಆದಷ್ಟು ದಿನ ತಾಯಿ ಮಗು ಇಬ್ಬರನ್ನೂ ಹೊಗೆ ಧೂಳು ಇಲ್ಲದ ಕಡೆ ಇಡಿ ಎಂದಿದ್ದರು. ಹಾಗಂದರೆ ನಮ್ಮ ಮನೆ. ಐದು ತಿಂಗಳ ಬಾಣಂತನ ಎಂದು ಮಾತಾಯಿತು. ಐದು ತಿಂಗಳು ಮೊಮ್ಮಗು ನನ್ನ ತೊಡೆಯ ಮೇಲೆ! ಈಗಿನ ಕಾಲದಲ್ಲಿ ಒಂದೂವರೆ ತಿಂಗಳಿಗೆ ಬಟ್ಟೆ ಕಟ್ಟಿಕೊಂಡು ಹೊರಟುಬಿಡುವ ಹೆಣ್ಣುಮಕ್ಕಳನ್ನು ನೋಡಿ ನೋಡಿ ಹೆದರಿದ್ದ ನನಗೆ ಆ ಐದು ತಿಂಗಳಿಗಿಂತ ದೊಡ್ಡದು ಯಾವುದೂ ಕಾಣಲಿಲ್ಲ. ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದೆ. ಅವನು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ರಾಜಘಟ್ಟ ದಾಟಿದ ಮೇಲೆ. ಸುಮಾರು ಮೂವತ್ತು ವರ್ಷದಿಂದ ಅಲ್ಲಿನ ಅಂಗನವಾಡಿಯಲ್ಲಿ ನಾನು ಟೀಚರು. ಅವ್ವನಿಗೆ ನಾನೊಬ್ಬಳೇ ಮಗಳಾದ್ದರಿಂದ ನಮ್ಮ ಮನೆಯವರು ಮನೆ ಅಳಿಯನಾಗಿ ಬಂದವರು. ಮನೆಯಲ್ಲಿ ಹೆಂಗಸರ ಮಾತು ಏರಿತೆಂದರೆ ತೋಟಕ್ಕೆ ಹೋಗಿ ಮೋಟರು ನೋಡುತ್ತಾ ಕೂರುವ ಜಾಣರು. ಇನ್ನು ಅವ್ವ. ಎಂಬತ್ತು ದಾಟಿದ್ದಾಳೆ. ಊರಿನಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಅರ್ಧ ಗಂಡಸರನ್ನು ಅವಳು ತನ್ನ ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು. ಬಾಣಂತನದ ವಿಷಯದಲ್ಲಿ ಅವಳ ಮಾತಿಗೆ ಎದುರಾಡಿದವರನ್ನು ನಾನು ನೋಡಿಲ್ಲ, ನಾನಂತೂ ಆಡಿಲ್ಲ.

ಮಗಳನ್ನು ಬಿಟ್ಟು ಹೋಗುವಾಗ ಅಳಿಯಂದಿರು ಒಂದು ಬಿಳಿಯ ಡಬ್ಬಿ ಕೊಟ್ಟು ಹೋದರು. ಸೋಪಿನ ಪೆಟ್ಟಿಗೆಯಷ್ಟು ಗಾತ್ರ, ಮುಖದ ಮೇಲೆ ಗಾಳಿಯ ಕೊಳೆ ಎಣಿಸುವ ಅಂಕಿ. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಸುಮಾರಾಗಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು, ತೀರಾ ಕೆಟ್ಟಿದ್ದರೆ ಕೀಂ ಕೀಂ ಎಂದು ಕೂಗು. ಬೆಂಗಳೂರಿನಲ್ಲಿ ಅದು ಹಳದಿಗೂ ಕೆಂಪಿಗೂ ಓಡಾಡಿಕೊಂಡಿತ್ತಂತೆ. ನಮ್ಮ ಪಡಸಾಲೆಯಲ್ಲಿ ಇಟ್ಟ ತಕ್ಷಣ ಹಸಿರಾಯಿತು. ಆ ಹಸಿರನ್ನು ನೋಡಿ ನನಗಾದ ಹೆಮ್ಮೆ ಎಷ್ಟೆಂದರೆ, ಗಾಳಿಯನ್ನು ನಾನೇ ಹೊಲದಲ್ಲಿ ಬಿತ್ತಿ ಬೆಳೆದಿದ್ದೇನೋ ಅನ್ನುವ ಹಾಗೆ ಡಬ್ಬಿಯನ್ನು ಎತ್ತಿಕೊಂಡು ಬೀದಿಯ ನಾಲ್ಕು ಮನೆಗೆ ಹೋಗಿ ಬಂದೆ. ಅಂಗನವಾಡಿಗೂ ಒಯ್ದೆ. ಕೈಗಾರಿಕಾ ಪ್ರದೇಶದ ಕಡೆಯಿಂದ ಗಾಳಿ ತಿರುಗಿದ ದಿನ ಅದು ಹಳದಿಗೆ ಬರುತ್ತಿತ್ತು. ಆಗ ಡಬ್ಬಿಗೆ ನೆಗಡಿಯಾಗಿದೆ ಎಂದು ಹೇಳಿ ಬೀರುವಿನಲ್ಲಿ ಇಟ್ಟುಬಿಡುತ್ತಿದ್ದೆ.

ಮಾಗಿಯ ಚಳಿ ಕಾಲಿಟ್ಟ ಹೊತ್ತಿಗೆ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ತಲೆ ತುಂಬ ಕೂದಲು, ನನ್ನ ಹಾಗೇ ಸಿಟ್ಟು. ಹಾಲು ಒಂದು ನಿಮಿಷ ತಡವಾದರೆ ಕೈ ಮುಷ್ಟಿ ಕಟ್ಟಿ ಇಡೀ ವಾರ್ಡನ್ನು ಎಬ್ಬಿಸುತ್ತಿತ್ತು. ಮನೆಗೆ ಬಂದ ಮೇಲೆ ಮೊದಮೊದಲು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದೆವು. ಹನ್ನೊಂದನೆಯ ದಿನ ಪುರುಡು ಕಳೆದು, ತಾಯಿಗೂ ಮಗುವಿಗೂ ತಲೆಗೆ ನೀರು ಹಾಕುವ ದಿನ. ಅವ್ವ ಕಾದು ಕುಳಿತಿದ್ದ ದಿನ.

ಬೆಳಕು ಹರಿಯುವ ಮೊದಲೇ ಬಚ್ಚಲುಮನೆಯ ನೀರೊಲೆಗೆ ಹುಣಸೆ ಕೊರಡು ತುಂಬಿ ಅವ್ವ ಬೆಂಕಿ ಹಚ್ಚಿದ್ದಳು. ಗ್ಯಾಸ್ ಇದೆ, ಛಾವಣಿಯ ಮೇಲೆ ಸೋಲಾರ್ ಇದೆ. ಆದರೆ ಬಾಣಂತಿಯ ನೀರು ಹಂಡೆಯಲ್ಲೇ ಕಾಯಬೇಕು. ಇಬ್ಬನಿ ಕುಡಿದ ಕೊರಡು ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡಿತು. ಆ ಹೊಗೆ ನಡುಮನೆ ದಾಟಿ ಬಾಣಂತಿ ಕೋಣೆಗೆ ಬಂತು. ಕಿಟಕಿಯಲ್ಲಿದ್ದ ಡಬ್ಬಿ ಹಳದಿಯಾಯಿತು. ಯಾರೂ ಅದರ ಕಡೆ ನೋಡಲಿಲ್ಲ.

ನೀರು ಹಾಕಿಸಿಕೊಂಡು ಬಂದ ಮಗಳನ್ನು ಮಲಗಿಸಿ, ಅವ್ವ ಬಾಂಡಲಿಯಲ್ಲಿ ಕೆಂಡ ತಂದಳು. ಕೆಂಡದ ಮೇಲೆ ಸಾಂಬ್ರಾಣಿ ಪುಡಿ ಚೆಲ್ಲಿ, ಮೇಲೊಂದು ಮಂಕರಿ ಬೋರಲು ಹಾಕಿ, ಅದರ ಮೇಲೆ ಮಗಳ ಒದ್ದೆ ಕೂದಲು ಹರಡಿದಳು. ಚಳಿಗಾಳಿ ಬರಬಾರದೆಂದು ಕಿಟಕಿ ಬಾಗಿಲು ಎಲ್ಲ ಹಾಕಿದ್ದು ನಾನೇ. ಕೂಸನ್ನೂ ಎರಡು ಕೈಯಲ್ಲಿ ಹಿಡಿದು ಹೊಗೆಯಲ್ಲಿ ಹೀಗೊಮ್ಮೆ ಹಾಗೊಮ್ಮೆ ಆಡಿಸಿದಳು. ಕೋಣೆಯೆಲ್ಲ ಘಮಘಮ. ಡಬ್ಬಿ ಕೆಂಪಾಗಿ ಕೀಂ ಕೀಂ ಎಂದು ಬಾಯಿ ಮಾಡಿಕೊಂಡಿತು. ಮಗಳಿಗೆ ಉಬ್ಬಸ ಹತ್ತಿತು.

ಇಲ್ಲಿ ನಾವು ಮಾಡಿದ ಘನಂದಾರಿ ಕೆಲಸವನ್ನು ಹೇಳದೆ ಇರುವಂತಿಲ್ಲ. ಮಗಳು ಇನ್ಹೇಲರ್‌ಗೆ ಕೈಚಾಚುತ್ತಿದ್ದರೆ ಅವ್ವ ಒಂದೇ ನೋಟಕ್ಕೆ ಕಾರಣ ಕಂಡುಹಿಡಿದಳು. ದೃಷ್ಟಿಯಾಗಿದೆ. ಹಸಿರು ದೀಪ ಹಸಿರು ದೀಪ ಎಂದು ಡಬ್ಬಿ ಹೊತ್ತುಕೊಂಡು ಊರು ಸುತ್ತಿದವಳು ನಾನು, ಯಾರ ಕಣ್ಣು ತಾನೇ ಬೀಳುವುದಿಲ್ಲ ಎಂದು ನನಗೇ ಬೈದಳು. ಒಳಗೆ ಹೋಗಿ ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ ತಾ ಎಂದಳು. ನಾನು, ಮೂವತ್ತು ವರ್ಷ ಊರಿಗೆ ಬುದ್ಧಿ ಹೇಳಿದ ಟೀಚರು, ಓಡಿ ಹೋಗಿ ತಂದುಕೊಟ್ಟೆ. ಅವ್ವ ತಾಯಿಗೂ ಮಗುವಿಗೂ ನಿವಾಳಿಸಿ ಅದೇ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಘಾಟು ಎದ್ದಿತು. ಡಬ್ಬಿಯ ಅಂಕಿ ಏರಿ ಏರಿ ಒಂಬೈನೂರ ತೊಂಬತ್ತೊಂಬತ್ತಕ್ಕೆ ಹೋಗಿ, ಮುಂದೆ ಎಣಿಸಲು ತನಗೆ ಬರುವುದಿಲ್ಲ ಎಂಬಂತೆ ನಿಂತುಬಿಟ್ಟಿತು.

ಮಗಳು ಕೂಸನ್ನು ಎತ್ತಿಕೊಂಡು ಒದ್ದೆ ಕೂದಲಿನಲ್ಲೇ ಅಂಗಳಕ್ಕೆ ಓಡಿದಳು. ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತು ಎರಡು ಸಲ ಔಷಧಿ ಎಳೆದುಕೊಂಡಳು. ಕೂಸು ಪುಟ್ಟದಾಗಿ ಒಂದು ಸಲ ಕೆಮ್ಮಿತು. ಆ ಕೆಮ್ಮು ಕೇಳಿ, ನಾನೇ ಹಾಕಿದ್ದ ಕಿಟಕಿ ಬಾಗಿಲನ್ನೆಲ್ಲ ಓಡಿ ಹೋಗಿ ತೆರೆದೆ. ಉಸಿರು ಹತೋಟಿಗೆ ಬಂದ ಮೇಲೆ ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಸಮ ಮಾಡುತ್ತಿದ್ದೆ.

"ಅಮ್ಮ, ಅಲ್ಲಿ ಹೊಗೆ ಬೀದೀಲಿರುತ್ತೆ. ಕಿಟಕಿ ಹಾಕ್ಕೊಂಡು ಗಾಳಿ ಸೋಸೋ ಮಿಷಿನ್ ಹಾಕ್ಕೊಂಡ್ರೆ ಮನೆಯೊಳಗಾದ್ರೂ ಉಸಿರಾಡ್ಬೋದು. ಇಲ್ಲಿ ನೀವು ಕಿಟಕಿ ಹಾಕಿ ಒಳಗೇ ಹೊಗೆ ಹಾಕ್ತೀರ. ಭಾನುವಾರ ನಾವು ಹೊರಡ್ತೀವಿ" ಎಂದಳು.

ಗಂಡನಿಗೆ ಫೋನೂ ಮಾಡಿಬಿಟ್ಟಳು. ಅಂದು ಬುಧವಾರ. ನನ್ನ ಐದು ತಿಂಗಳು ನಾಲ್ಕು ದಿನಕ್ಕೆ ಇಳಿದಿತ್ತು. ಯಾರ ಮೇಲೆ ಸಿಟ್ಟು ಮಾಡಲಿ ಎಂದು ತಿಳಿಯದೆ ಡಬ್ಬಿಯ ಮೇಲೆ ಮಾಡಿದೆ, ಕೊಟ್ಟು ಹೋದ ಅಳಿಯನ ಮೇಲೆ ಮಾಡಿದೆ, ಮೋಟರು ನೋಡಲು ಹೋದ ಗಂಡನ ಮೇಲಂತೂ ದಿನದ ಪಾಲು ಇದ್ದೇ ಇತ್ತು. ಅವ್ವ ಮಧ್ಯಾಹ್ನ ಉಣ್ಣಲಿಲ್ಲ. ನಾಲ್ಕು ತಲೆಮಾರಿನ ಕೈಗುಣಕ್ಕೆ ಈ ಹುಡುಗಿ ಬೆಲೆ ಕೊಡಲಿಲ್ಲವಲ್ಲ ಎಂದು ಗೋಡೆಗೆ ಹೇಳಿಕೊಂಡು ಮುದುರಿ ಮಲಗಿದಳು.

ಮರುದಿನ ಅಂಗನವಾಡಿಯಲ್ಲಿ ಗರ್ಭಿಣಿಯರು ಸೇರುವ ದಿನವಿತ್ತು. ಗೋಡೆಯ ಮೇಲೆ ನಾನೇ ಅಂಟಿಸಿದ ಚಿತ್ರಪಟವೊಂದಿದೆ. ಹೊಗೆಯಾಡುವ ಒಲೆ, ಪಕ್ಕದಲ್ಲಿ ಮಗು ಎತ್ತಿಕೊಂಡ ತಾಯಿ, ಅದರ ಮೇಲೆ ದಪ್ಪಗೆ ಕೆಂಪು ಗೆರೆ. ಅದನ್ನು ಕೋಲಿನಿಂದ ತೋರಿಸಿ ತೋರಿಸಿ ಆ ಕೆಂಪು ಗೆರೆ ಮಾಸಿದೆ. ಎಂದಿನಂತೆ ಕೋಲು ಎತ್ತಿದೆ. ಕೆಳಗೇರಿಯ ಒಬ್ಬ ಹುಡುಗಿ, ಎಂಟು ತಿಂಗಳ ಬಸುರಿ, ಬಲು ಮೆತ್ತಗೆ ಕೇಳಿದಳು, "ಟೀಚರಮ್ಮ, ನಿನ್ನೆ ನಿಮ್ಮನೇಲಿ ಸಾಂಬ್ರಾಣಿ ಬಲು ಜೋರಂತೆ?"

ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡರು. ನಾನು ಕೋಲು ಕೆಳಗಿಟ್ಟೆ. ಅವಮಾನವಾಯಿತು ನಿಜ, ಅದಕ್ಕಿಂತ ಹೆಚ್ಚಾಗಿ ಒಂದು ಮಾತು ಚುಚ್ಚಿತು. ಮೂವತ್ತು ವರ್ಷದಲ್ಲಿ ಎಷ್ಟೋ ಮನೆಯ ಅತ್ತೆಯರಿಗೆ, ಅಜ್ಜಿಯರಿಗೆ ಈ ಚಿತ್ರ ತೋರಿಸಿದ್ದೇನೆ. ಅವ್ವನಿಗೆ ತೋರಿಸಿರಲಿಲ್ಲ. ಅವ್ವನೆಂದರೆ ನನಗೆ ಈ ವಯಸ್ಸಿನಲ್ಲೂ ಹೆದರಿಕೆ.

ಆ ದಿನ ಮನೆಗೆ ಬರುವ ದಾರಿಯುದ್ದಕ್ಕೂ ಅವ್ವನಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದೆ. ಬಂದು ನೋಡಿದರೆ ಅವ್ವ ಹಿತ್ತಲಿನಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ತಿಪ್ಪೆಗುಂಡಿಯ ಪಕ್ಕ ನಿಂತಿದ್ದಾಳೆ. ಬೆಳಗ್ಗೆಯಿಂದ ಇದೇ ಕೆಲಸವಂತೆ. ಸುಳ್ಳು ಹೇಳುವ ಡಬ್ಬಿ ಎಂದು ತೋರಿಸಿಕೊಡಲು ಹೊರಟವಳು ಅದನ್ನು ಒಗ್ಗರಣೆಯ ಬಾಣಲೆಗೆ ಹಿಡಿದಿದ್ದಾಳೆ, ದೇವರ ಮನೆಯ ಊದುಬತ್ತಿಗೆ ಹಿಡಿದಿದ್ದಾಳೆ, ಕಸ ಗುಡಿಸುವ ಪೊರಕೆಗೆ, ಟ್ರ್ಯಾಕ್ಟರಿನ ಹಿಂಬದಿಗೆ, ಪಕ್ಕದ ಮನೆಯ ತಾತ ಎಳೆಯುತ್ತಿದ್ದ ಬೀಡಿಗೆ. ತಾತ ಪಾಪ ಬೀಡಿ ಎಸೆದು ಎದ್ದು ಹೋದನಂತೆ.

"ನೋಡೇ ಇಲ್ಲಿ. ತಿಪ್ಪೆಗುಂಡೀಗೆ ಹಸುರು ಅಂತೈತೆ, ನಿನ್ನ ಮುಖದ ಪೌಡರಿಗೆ ಕೆಂಪು ಅಂತೈತೆ. ಈ ಡಬ್ಬೀಗೆ ಬುದ್ಧಿ ಐತೆ ಕಣೇ" ಎಂದಳು ಅವ್ವ.

ನಾನು ಬಾಯಿಪಾಠ ಮಾಡಿದ್ದೆಲ್ಲ ವ್ಯರ್ಥವಾಯಿತು. ತಿಪ್ಪೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ನಕ್ಕು ನಕ್ಕು ಸಾಕಾಯಿತು. ನನ್ನ ಪೌಡರಿಗೆ ಆದ ಅವಮಾನವನ್ನೂ ಮರೆತೆ.

ಅವ್ವ ಹಟ ಹಿಡಿದರೆ ಬಿಡುವವಳಲ್ಲ. ಈಗ ಅವಳ ಹಟ ಡಬ್ಬಿಯ ಜೊತೆ. ಹಸಿರು ಕೆಡದ ಹಾಗೆ ಬಾಣಂತಿಗೆ ನೀರು ಹಾಕಿ ತೋರಿಸುತ್ತೇನೆ ಎಂದಳು. ನಮ್ಮ ಮನೆಯವರನ್ನು ತೋಟದಿಂದ ಕರೆಸಿ ಹಂಡೆಯನ್ನು ಬಚ್ಚಲಿನಿಂದ ಕೀಳಿಸಿ, ಹಿತ್ತಲಾಚೆ ಮೂರು ಕಲ್ಲಿನ ಮೇಲೆ ಕೂರಿಸಿದಳು. ಹೊಗೆ ಹೊಲದ ಕಡೆ ಹೋಯಿತೋ ಮನೆಯ ಕಡೆ ಬಂತೋ ಎಂದು ಡಬ್ಬಿ ಹಿಡಿದು ನೋಡಿದಳು. ಸಂಜೆ ಗಾಳಿ ತಿರುಗಿ ಅಡುಗೆಮನೆಗೇ ನುಗ್ಗಿತು. ಡಬ್ಬಿ ಕೂಗಿತು, ಅವ್ವ ಅದನ್ನೇ ಗದರಿಸಿದಳು. ಮಾರನೇ ದಿನ ಹಂಡೆಯನ್ನೂ ಕೈಬಿಟ್ಟು, ಬಿಸಿಲಿಗೆ ತಾನೇ ಕಾಯುವ ನೀರು ಛಾವಣಿಯ ಮೇಲಿರುವಾಗ ಸೌದೆ ಯಾಕೆ ಸುಡಬೇಕು ಎಂದು ನಮಗೇ ಕೇಳಿದಳು. ಆ ಸೋಲಾರ್ ಹಾಕಿಸಿದ ದಿನ ಅದನ್ನು ದಂಡದ ಕೆಲಸ ಎಂದವಳು ಅವಳೇ. ಅದನ್ನು ನೆನಪಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಕೂದಲು ಒಣಗಿಸುವುದಕ್ಕೆ ಮಹಡಿಯ ಮೇಲೆ, ಗಾಳಿ ತಡೆಯುವ ಗೋಡೆಯ ಮೂಲೆಯಲ್ಲಿ ಚಾಪೆ ಹಾಸಿದೆವು. ಹತ್ತು ಗಂಟೆಯ ಮಾಗಿ ಬಿಸಿಲು ಅಲ್ಲಿ ಹದವಾಗಿ ಬೀಳುತ್ತದೆ. ಕೂಸಿನ ಬಟ್ಟೆಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಬೆಚ್ಚಗೆ ಮಾಡುವುದು ನನ್ನ ಕೆಲಸವಾಯಿತು. ಉಳಿದದ್ದು ವಾಸನೆಯೊಂದೇ. ಸಾಂಬ್ರಾಣಿ ವಾಸನೆಯಿಲ್ಲದ ಕೂಸು ಕೂಸೇ ಅಲ್ಲ ಎಂದು ಅವ್ವ ಒಂದು ಇಡೀ ಮಧ್ಯಾಹ್ನ ಕೊರಗಿದಳು. ಆಮೇಲೆ ಸುಡದ ಸಾಂಬ್ರಾಣಿಯನ್ನು ಕುಟ್ಟಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಕೂಸಿನ ಬಟ್ಟೆಗಳ ಪೆಟ್ಟಿಗೆಯಲ್ಲಿ ನಡುನಡುವೆ ಇಟ್ಟಳು. ಶನಿವಾರ ಪೆಟ್ಟಿಗೆ ತೆಗೆದಾಗ ಬಟ್ಟೆಗಳಿಗೆ ಮೆಲ್ಲಗೆ ಘಮ ಹತ್ತಿತ್ತು. ಡಬ್ಬಿಯನ್ನು ಪೆಟ್ಟಿಗೆಯೊಳಗೇ ಇಟ್ಟು ನೋಡಿದೆವು. ಹಸಿರು.

ಮಗಳು ಇದನ್ನೆಲ್ಲ ಮಂಚದ ಮೇಲಿನಿಂದ ನೋಡುತ್ತಿದ್ದಳು. ಅವಳು ಕಟ್ಟಿಟ್ಟ ಚೀಲಗಳು ಬಾಗಿಲ ಹತ್ತಿರವೇ ಇದ್ದವು. ನಾನು ದಿನಕ್ಕೆ ಹತ್ತು ಸಲ ಆ ಚೀಲಗಳನ್ನು ಎಡವಿದೆ. ಇರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅವಳ ಉಸಿರಿನ ವಿಷಯದಲ್ಲಿ ನನ್ನ ಆಸೆಗೆ ಮಾತಿಲ್ಲ ಎಂದು ಆ ಕೆಮ್ಮು ಕೇಳಿದ ದಿನವೇ ತೀರ್ಮಾನಿಸಿದ್ದೆ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅಳಿಯಂದಿರ ಕಾರು ಬಂತು. ಹಿಂದಿನ ಸೀಟಿಗೆ ಕೂಸಿನ ಪುಟ್ಟ ಸೀಟು ಬಿಗಿದುಕೊಂಡೇ ಬಂದಿದ್ದರು. ನಮಸ್ಕಾರ ಹೇಳಿ, ನೀರು ಕುಡಿದು, ಮೊದಲ ಎರಡು ಚೀಲಗಳನ್ನು ಡಿಕ್ಕಿಯಲ್ಲಿಟ್ಟರು. ಅವ್ವ ಅದನ್ನು ಕಂಡೂ ಕಾಣದವಳಂತೆ ಮಣೆ ಹಾಕಿ ಕುಳಿತು, ಕಾಲು ನೀಡಿ, ಕೂಸನ್ನು ತಾ ಎಂದಳು. ಮಗಳು ಒಂದು ಕ್ಷಣ ತಡೆದು, ಕೊಟ್ಟಳು.

ಹರಳೆಣ್ಣೆ, ಕಡಲೆಹಿಟ್ಟು, ಬಿಸಿನೀರು. ಅವ್ವನ ಒಣಗಿದ ಕೈಗಳು ಕೂಸಿನ ಮೇಲೆ ಓಡಾಡುವುದನ್ನು ನೋಡಿದರೆ ಅವಕ್ಕೆ ಎಂಬತ್ತು ಎಂದು ಯಾರೂ ಹೇಳುವುದಿಲ್ಲ. ಕೂಸು ಎರಡು ಕಿರುಚು ಕಿರುಚಿ, ಆಮೇಲೆ ಸುಖಕ್ಕೆ ಸುಮ್ಮನಾಯಿತು. ಬಿಸಿ ಬಟ್ಟೆಯಲ್ಲಿ ಸುತ್ತಿ ಕೋಣೆಗೆ ತಂದೆವು. ಕಿಟಕಿ ತೆರೆದಿತ್ತು. ಪರೀಕ್ಷೆಯ ಫಲಿತಾಂಶ ಕಾಯುವವರ ಹಾಗೆ ಎಲ್ಲರೂ ಡಬ್ಬಿಯನ್ನೇ ನೋಡಿದೆವು. ಹಸಿರು ಹಸಿರಾಗಿಯೇ ಇತ್ತು. ಅವ್ವ ಕಿವಿಯ ಹಿಂದೆ ಬೆವರು ಒರೆಸಿಕೊಂಡಳು.

ಅಷ್ಟರಲ್ಲಿ ಅಳಿಯಂದಿರು ಕೂಸನ್ನು ಎತ್ತಿಕೊಳ್ಳಲು ಹತ್ತಿರ ಬಂದರು. ಡಬ್ಬಿ ಹಳದಿಯಾಯಿತು. ಇನ್ನೊಂದು ಹೆಜ್ಜೆ ಇಟ್ಟರು, ಕೆಂಪಾಯಿತು, ಕೀಂ ಎಂದಿತು. ಅಡುಗೆಮನೆಗೆ ಓಡಿದೆ, ಒಲೆಯ ಮೇಲೆ ಏನೂ ಇಲ್ಲ. ಹಿತ್ತಲಲ್ಲಿ ಯಾರೂ ಏನೂ ಸುಡುತ್ತಿಲ್ಲ. ಬಂದು ನೋಡಿದರೆ ಅವ್ವ ಮೂಗು ಮುಂದೆ ಮಾಡಿಕೊಂಡು ಅಳಿಯಂದಿರ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದಾಳೆ. ಕಾರಿನಿಂದ ಇಳಿಯುವ ಮುಂಚೆ, ಮಗುವನ್ನು ನೋಡಲು ಹೋಗುವವನು ಬೆವರು ವಾಸನೆ ಬರಬಾರದೆಂದು, ಸೀಸೆಯಲ್ಲಿ ಬರುವ ಸೆಂಟಿನ ಸ್ಪ್ರೇಯನ್ನು ಧಾರಾಳವಾಗಿ ಹೊಡೆದುಕೊಂಡಿದ್ದರು.

"ನೀನೊಸಿ ಆಚೆ ಹೋಗಿ ಮೈ ತೊಳ್ಕೊಂಡು ಬಾ ಮಗಾ. ಇಲ್ಲಿ ಹೊಗೆ ಹಾಕೋದು ಬಿಟ್ಬುಟ್ಟಿದ್ದೀವಿ" ಎಂದಳು ಅವ್ವ.

ಅಳಿಯಂದಿರು ನಮ್ಮ ಮನೆಯವರ ಪಂಚೆ, ಮಂಡಿಯವರೆಗೆ ಬರುವ ಅವರ ಜುಬ್ಬ ತೊಟ್ಟು, ಒದ್ದೆ ತಲೆಯಲ್ಲಿ ಮರಳಿ ಬಂದರು. ಹೊಸ್ತಿಲಲ್ಲೇ ನಿಂತು ಡಬ್ಬಿಯ ಕಡೆ ನೋಡಿದರು, ಒಳಗೆ ಬರಲೋ ಬೇಡವೋ ಎಂದು. ಹಸಿರು. ಮಗಳು ನಗತೊಡಗಿದಳು. ಮಂಚದ ಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ನಗು ನಿಂತ ಮೇಲೆ ಗಂಡನಿಗೆ ಹೇಳಿದಳು, ನೀವು ಊಟ ಮಾಡಿಕೊಂಡು ಹೋಗಿ, ನಾವು ಐದು ತಿಂಗಳು ತುಂಬಿಸಿಕೊಂಡು ಬರ್ತೀವಿ ಎಂದು. ಅವರು ತಲೆಯಾಡಿಸಿ ಕೂಸನ್ನು ಎದೆಗೊರಗಿಸಿಕೊಂಡರು.

ಆಮೇಲೆ ಮಗಳು ಅವ್ವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಜ್ಜೀ, ಇಷ್ಟು ವರ್ಷದ ಪದ್ಧತಿ ಬಿಡಿಸ್ಬಿಟ್ಟೆ ಅಂತ ನಿಂಗೆ ಬೇಜಾರಾ?"

ಅವ್ವ ಅಳಿಯಂದಿರ ಕೈಯಿಂದ ಕೂಸನ್ನು ಇಸಿದುಕೊಂಡು ಅದರ ಪಾದ ತೀಡಿದಳು.

"ಬೇಜಾರೇನು ಮಗಾ. ನಾನು ಬಾಣಂತಿಯಾಗಿದ್ದಾಗ ನಂಗೂ ಕಣ್ಣು ಉರೀತಿತ್ತು, ಎದೆ ಕಟ್ತಿತ್ತು. ಬ್ಯಾಡ ಅಂದ್ರೆ ನಮ್ಮವ್ವ ನೊಂದ್ಕೋತಾಳೆ ಅಂತ ಸುಮ್ಕಿದ್ದೆ. ನೀನು ಬಾಯ್ಬಿಟ್ಟು ಅಂದೆ."

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಈ ಮಗಳು ಹುಟ್ಟಿದಾಗ ಇದೇ ಕೋಣೆಯಲ್ಲಿ, ಇದೇ ಅವ್ವ ಹಾಕಿದ ಸಾಂಬ್ರಾಣಿಯ ಮೇಲೆ ಕೂದಲು ಹರಡಿ ಮಲಗಿದ್ದವಳು ನಾನು. ಕಣ್ಣಿನಿಂದ ಬಳಬಳ ನೀರು ಸುರಿಯುತ್ತಿತ್ತು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅವ್ವ ನೊಂದುಕೊಳ್ಳುತ್ತಾಳೆ ಎಂದು ನಾನೂ ಸುಮ್ಮನಿದ್ದೆ. ಅವರವರ ಅವ್ವನಿಗೆ ನೋವು ಮಾಡಬಾರದೆಂದು ಇಬ್ಬರೂ ಹೊಗೆ ಕುಡಿದಿದ್ದೆವು. ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ. ಅವಳಿಗೆ ಗೊತ್ತಾಯಿತು.

ಅಳು ಬರುವ ಹಾಗಾಯಿತು, ಆದರೆ ಅಷ್ಟು ಒಳ್ಳೆಯ ದಿನ ಅಳಲು ನನಗೆ ಪುರುಸೊತ್ತಿರಲಿಲ್ಲ. ಯಾರಾದರೂ ಮನಸ್ಸು ಬದಲಾಯಿಸುವ ಮುಂಚೆ ಆಗಬೇಕಾದ ಕೆಲಸವೊಂದಿತ್ತು. ಅಂಗಳಕ್ಕೆ ಓಡಿದೆ, ಕಾರಿನ ಡಿಕ್ಕಿ ತೆಗೆದೆ, ಕೈಗೊಂದರಂತೆ ಎರಡೂ ಚೀಲ ಎಳೆದುಕೊಂಡು ಮನೆಯೊಳಕ್ಕೆ ನುಗ್ಗಿದೆ.